ಜೇಬಲ್ಲಿದ್ದ ಚೀಟಿ

ನಾನು ಒಬ್ಬ ಬ್ರಿಗೇಡಿಯರ್ ಸಾಹೇಬರನ್ನು ಕೊಂದಿದ್ದೇನೆ. ಕಾಗದದ ಮೇಲೆ ಮಾತ್ರ. ಆದರೂ ಪೆನ್ಷನ್‌ಗೆ ಬರುವವರೆಗೂ ನಮ್ಮ ಬ್ಯಾಟರಿಯವರು, ಅಂದರೆ ನಮ್ಮ ಗನ್ ತುಕಡಿಯವರು, ಅದನ್ನು ಮರೆಯಲಿಲ್ಲ, ನನಗೂ ಮರೆಯಲು ಬಿಡಲಿಲ್ಲ.

2007ರ ಚಳಿಗಾಲ, ರಾಜಸ್ಥಾನದಲ್ಲಿ ಎಕ್ಸರ್‌ಸೈಜ್, ಅಂದರೆ ಅಣಕು ಯುದ್ಧ. ನಾನು ಆಗ ಹವಾಲ್ದಾರ್, ವಿಮಾನ ಹೊಡೆಯುವ ಎಲ್-70 ಗನ್ನಿನ ಡೆಟ್ ಕಮಾಂಡರ್, ಅಂದರೆ ಆ ಗನ್ನಿನ ತಂಡದ ಮುಖ್ಯಸ್ಥ. ಆ ವರ್ಷ ಅಲ್ಲಿಯವರೆಗೆ ಎಲ್ಲಾ ಚೆನ್ನಾಗಿಯೇ ನಡೆದಿತ್ತು. ಬೇಸಿಗೆಯಲ್ಲಿ ಕೇಡರ್ ತರಬೇತಿ, ಬಿಪಿಇಟಿ ಅನ್ನುವ ದೈಹಿಕ ಪರೀಕ್ಷೆ, ವಿಮಾನ ಗುರುತಿಸುವ ಕ್ಲಾಸು. ಉಸ್ತಾದ್ ಒಂದೊಂದೇ ಕಾರ್ಡ್ ಎತ್ತಿ ಹಿಡಿಯುತ್ತಿದ್ದರು, ನಾವು ಕೂಗುತ್ತಿದ್ದೆವು: ಮಿರಾಜ್! ಎಫ್-16! ಚೀತಾ! ನನಗೆ 50ಕ್ಕೆ 48 ಬಂದಿತ್ತು. ಆಮೇಲೆ ಒಡಿಶಾದ ಗೋಪಾಲಪುರದಲ್ಲಿ ಫೈರಿಂಗ್. ಸಮುದ್ರದ ಮೇಲೆ ಲಕ್ಷ್ಯ ಬರುತ್ತದೆ, ನಮ್ಮ ಬೆಂಗಳೂರಿನ ಎಡಿಇ ಅನ್ನುವ ರಕ್ಷಣಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಪೈಲಟ್ ಇಲ್ಲದ ವಿಮಾನ. ಅದು ಹಿಂದೆ ಎಳೆದು ತರುವ ಟಾರ್ಗೆಟ್‌ಗೆ ಹೊಡೆಯಬೇಕು. ನಮ್ಮ ಗನ್ನಿಗೆ ಶಾಬಾಶ್ ಸಿಕ್ಕಿತ್ತು. ತಲೆ ಸ್ವಲ್ಪ ತಿರುಗಿದ್ದು ಅಲ್ಲೇ ಇರಬೇಕು.

ಎಕ್ಸರ್‌ಸೈಜ್‌ನ ನಾಲ್ಕನೇ ರಾತ್ರಿ ಸಿಪಿಯಿಂದ, ಅಂದರೆ ಕಮಾಂಡ್ ಪೋಸ್ಟ್‌ನಿಂದ, ಫೋನ್ ಬಂತು. ಬೆಳಗ್ಗೆ 0750ರಿಂದ 0810ರವರೆಗೆ ನಮ್ಮದೇ ಒಂದು ಹೆಲಿಕಾಪ್ಟರ್ ಕಾಲುವೆಯ ಗುಂಟ ಹೋಗುತ್ತದೆ, ವೆಪನ್ಸ್ ಟೈಟ್, ಅಂದರೆ ವೈರಿಯೇ ಅಂತ ಖಚಿತವಾಗದೆ ಹೊಡೆಯುವಂತಿಲ್ಲ. ಸಿಗರೇಟ್ ಪ್ಯಾಕೆಟ್ಟಿನ ಹಿಂದೆ ಬರೆದುಕೊಂಡೆ. ಶರ್ಟಿನ ಜೇಬಿಗೆ ಹಾಕಿಕೊಂಡೆ. ಶರ್ಟಿನ ಮೇಲೆ ಜೆರ್ಸಿ, ಅದರ ಮೇಲೆ ಕೋಟ್ ಪಾರ್ಕಾ. ಡೆಟ್‌ನ ಹುಡುಗರಿಗೆ ಬೆಳಗ್ಗೆ ಹೇಳಿದರಾಯ್ತು ಅಂದುಕೊಂಡೆ.

ಬೆಳಗ್ಗೆ ಸ್ಟ್ಯಾಂಡ್ ಟು, ಅಂದರೆ ಎಲ್ಲರೂ ಸಜ್ಜಾಗಿ ನಿಲ್ಲುವ ಹೊತ್ತಿಗೆ, ನಮ್ಮ ರೇಡಾರ್ ಫ್ಲೈಕ್ಯಾಚರ್‌ನ ಜನರೇಟರ್ ಕೈಕೊಟ್ಟಿತು. ಅದರ ಬಗ್ಗೆ ಮೂರು ಸಲ ರಿಪೋರ್ಟ್ ಹೋಗಿತ್ತು. ಮೂರು ಸಲವೂ ಒಂದೇ ಉತ್ತರ: ಸ್ಪೇರ್ ಡಿಮಾಂಡ್ ಮಾಡಿದ್ದೇವೆ. ರೇಡಾರ್ ಇಲ್ಲ ಅಂದರೆ ನಮ್ಮವರೋ ವೈರಿಯೋ ಅಂತ ತಿಳಿಸುವ ಐಎಫ್‌ಎಫ್ ಇಲ್ಲ, ಏನೂ ಇಲ್ಲ. ಕಣ್ಣೇ ಗತಿ. ಅರ್ಧ ಗಂಟೆ ರಿಪೇರಿಯ ಇಎಂಇ ಹುಡುಗನ ಹತ್ತಿರ ಜಗಳ ಆಡಿ ಸಿಟ್ಟಿನಲ್ಲೇ ಗನ್ ಪಿಟ್‌ಗೆ ವಾಪಸ್ ಬಂದೆ.

ಆಗ ಏರ್ ಸೆಂಟ್ರಿ ಕೂಗಿದ. ಹೆಲಿಕಾಪ್ಟರ್, ಎರಡು ಗಂಟೆ ದಿಕ್ಕು!

ಸೂರ್ಯನ ಕಡೆಯಿಂದ ಬರುತ್ತಿತ್ತು. ಮುಂದಿನಿಂದ ನೋಡಿದರೆ ಕಪ್ಪು ಚುಕ್ಕೆ, ಅಷ್ಟೇ. ಚೀತಾ ಹೆಲಿಕಾಪ್ಟರಿನ ಗುರುತು ಅದರ ಬಾಲ, ಏಣಿಯ ಹಾಗೆ ಬರೀ ಸರಳುಗಳು. ಎದುರಿಗೆ ಬರುವಾಗ ಬಾಲ ಎಲ್ಲಿ ಕಾಣುತ್ತದೆ? ಕಂಡಿದ್ದರೂ ಏನು ಉಪಯೋಗ? ಎಕ್ಸರ್‌ಸೈಜ್‌ನಲ್ಲಿ ಎರಡೂ ಕಡೆಯವರ ಹತ್ತಿರ ಚೀತಾನೇ ಇತ್ತು. ನಿಜವಾದ ಗಡಿಯ ಆಚೆಯವರ ಹತ್ತಿರವೂ ಅದರ ಅವಳಿಯೇ ಇತ್ತು, ಲಾಮಾ ಅನ್ನುವ ಹೆಸರಿನಲ್ಲಿ. 48 ಮಾರ್ಕ್ಸು ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ.

ಸಿಪಿಗೆ ಫೋನ್ ತಿರುಗಿಸಿದೆ. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ತಿರುಗಿಸಲಿಲ್ಲ.

ಗನ್ನಿನ ಗುರಿ ಹಿಡಿಯುವ ಲೇಯರ್ ಹಾಸನದ ಕಡೆಯ ಹುಡುಗ. ಬೇರೆಯವರ ಮುಂದೆ ನನ್ನನ್ನು ಉಸ್ತಾದ್ ಅನ್ನುತ್ತಿದ್ದ. ಗಾಬರಿಯಲ್ಲಿ ಕನ್ನಡವೇ ಬಂತು. "ಅಣ್ಣಾ, ನಮ್ದೇ ಇರಬಹುದಲ್ವಾ?"

"ಬಾಯಿ ಮುಚ್ಕೊಂಡು ಗುರಿ ಹಿಡಿ" ಅಂದೆ.

ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಕಂಡಾಗ ನಾಲ್ಕು ಕಿಲೋಮೀಟರ್ ದೂರ ಇತ್ತು. ಚೀತಾ ಸೆಕೆಂಡಿಗೆ ಸುಮಾರು 50 ಮೀಟರ್ ಹೋಗುತ್ತದೆ. ಅಂದರೆ ನನ್ನ ಕೈಯಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಇತ್ತು. ಮೂರು ಗುಂಡಿ ಬಿಚ್ಚಿ ಒಂದು ಚೀಟಿ ತೆಗೆಯಲು ಎಷ್ಟು ಹೊತ್ತು ಬೇಕು? ಆದರೆ ಟೈಮ್ ಇಲ್ಲ, ಟೈಮ್ ಇಲ್ಲ ಅಂತ ತಲೆಯೊಳಗೆ ಯಾರೋ ಬಡಿಯುತ್ತಿದ್ದರು. ಚೀಟಿಯ ನೆನಪೇ ಬರಲಿಲ್ಲ.

ಫೈರ್ ಅಂದೆ. ಗನ್ನಿನಲ್ಲಿ ಮದ್ದು ಇರಲಿಲ್ಲ. ಹಿಂದೆ ನಿಂತಿದ್ದ ಅಂಪೈರ್ ಗಡಿಯಾರ ನೋಡಿ ಬರೆದುಕೊಂಡರು: ಮೂರು ಸೆಕೆಂಡ್, 12 ರೌಂಡ್, ಹಿಟ್. ಹೆಲಿಕಾಪ್ಟರ್ ನಮ್ಮ ಪಕ್ಕದಲ್ಲೇ, ಕಾಲುವೆಯ ಗುಂಟ ಹಾದುಹೋಯಿತು. ಒಳಗಿನಿಂದ ಯಾರೋ ಕೈ ಬೀಸಿದರು. ಆಗ ನನ್ನ ಕೈ ತಾನಾಗಿ ಜೇಬಿನ ಕಡೆ ಹೋಯಿತು. ಗಂಟೆ 0756.

ಮೂರು ದಿನದ ನಂತರ ಸ್ಯಾಂಡ್ ಮಾಡೆಲ್, ಅಂದರೆ ಮರಳಿನ ನಕಾಶೆಯ ಸುತ್ತ ಡಿಬ್ರೀಫ್, ನಡೆದದ್ದರ ವಿಮರ್ಶೆ. ಬ್ರಿಗೇಡಿಯರ್ ಸಾಹೇಬರು ಮೊದಲೇ ಕೇಳಿದರು, "ನನ್ನನ್ನು ಕೊಂದವನು ಯಾರು?" ಎದ್ದು ನಿಂತೆ. "ಎಷ್ಟು ರೌಂಡ್?" ಹನ್ನೆರಡು, ಸರ್. "ನನ್ನೊಬ್ಬನಿಗೆ ಅಷ್ಟೊಂದಾ?" ಎಲ್ಲರೂ ನಕ್ಕರು. ನಮ್ಮ ರೆಜಿಮೆಂಟಿನ ಮುಖ್ಯಸ್ಥರಾದ ಸಿಒ ಸಾಹೇಬರು ನಗಲಿಲ್ಲ.

ತಪ್ಪು ನನ್ನದೇ. ಆದರೂ ಒಂದು ಮಾತು ಹೇಳಬೇಕು. ವರ್ಷವಿಡೀ ನಾವು ಕಲಿತದ್ದು ಹೊಡೆಯುವುದನ್ನ. ಗೋಪಾಲಪುರದಲ್ಲಿ ಆಕಾಶಕ್ಕೆ ಬಂದದ್ದೆಲ್ಲಾ ವೈರಿಯೇ. ಫೈರಿಂಗ್ ರಿಪೋರ್ಟಿನಲ್ಲಿ ಎಷ್ಟು ಹಿಟ್ ಅನ್ನುವುದಕ್ಕೆ ಕಾಲಂ ಇತ್ತು. ಹೊಡೆಯಬಾರದ್ದನ್ನು ಹೊಡೆಯದೆ ಬಿಟ್ಟದ್ದಕ್ಕೆ ಇರಲಿಲ್ಲ. ಆಮೇಲೆ ನಾನು ಸೂರತ್‌ಗಢ ಬಜಾರಿನಿಂದ ಮಕ್ಕಳು ಬರೆಯುವ ಸ್ಲೇಟೊಂದು ತಂದೆ. ನಮ್ಮವರ ಹಾರಾಟದ ಟೈಮ್ ಎಲ್ಲರಿಗೂ ಕಾಣುವ ಹಾಗೆ ಬರೆದು ಗನ್ ಪಿಟ್‌ನಲ್ಲಿ ತೂಗುಹಾಕಿದೆ. ಮುಂದಿನ ಇನ್‌ಸ್ಪೆಕ್ಷನ್‌ನಲ್ಲಿ ಒಬ್ಬ ಸಾಹೇಬರು ಅದನ್ನು ತೆಗೆಸಿದರು. ಆಥರೈಸ್ಡ್ ಸಾಮಾನಿನ ಪಟ್ಟಿಯಲ್ಲಿ ಸ್ಲೇಟ್ ಇಲ್ಲವಂತೆ.

2019ರ ಫೆಬ್ರವರಿ 27ರಂದು ಶ್ರೀನಗರದ ಹತ್ತಿರ ಬಡ್ಗಾಮ್‌ನಲ್ಲಿ ವಾಯುಪಡೆಯ ಮಿ-17 ಹೆಲಿಕಾಪ್ಟರ್ ಬಿತ್ತು. ಆರು ಮಂದಿ ವಾಯುಪಡೆಯವರು, ಕೆಳಗಿದ್ದ ಒಬ್ಬ ಸ್ಥಳೀಯ ಸತ್ತರು. ಅದು ನಮ್ಮದೇ ಕ್ಷಿಪಣಿ ಅಂತ ಅಕ್ಟೋಬರ್‌ನಲ್ಲಿ ವಾಯುಪಡೆ ಮುಖ್ಯಸ್ಥರು ಒಪ್ಪಿಕೊಂಡರು. ಸುದ್ದಿ ಓದಿ ಹಾಸನದ ಹುಡುಗನಿಗೆ ಫೋನ್ ಮಾಡಿದೆ. ಅವನೂ ಓದಿದ್ದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಅವನೇ ಕೇಳಿದ. "ಅಣ್ಣಾ, ಅಲ್ಲಿ ಚೀಟಿ ಯಾರ ಜೇಬಲ್ಲಿತ್ತಂತೆ?"