‘ಯಾವ ಪುಸ್ತಕ ಓದ್ಲಿ?’ ಅಂತ ಕೇಳುವವರಿಗೆ

‘ಓದೋಕೆ ಒಂದು ಒಳ್ಳೆ ಪುಸ್ತಕ ಹೇಳಿ.’ ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಎಲ್ಲ ಥರದವರೂ ಇದ್ದಾರೆ. ಕಾಲೇಜು ಮುಗಿದ ಮೇಲೆ ಪುಸ್ತಕವನ್ನೇ ಮುಟ್ಟದವರು, ರಿಟೈರ್ ಆಗಿ ಈಗಷ್ಟೇ ಪುರುಸೊತ್ತು ಸಿಕ್ಕವರು, ‘ಮಗ ಮೊಬೈಲ್ ಬಿಡ್ತಿಲ್ಲ, ಏನಾದ್ರೂ ಹೇಳಿ’ ಅನ್ನುವ ಅಪ್ಪ ಅಮ್ಮಂದಿರು. ಇವರಿಗೆಲ್ಲ ಒಂದೇ ಪಟ್ಟಿ ಕಳಿಸಿದರೆ ನನ್ನ ಕೆಲಸ ಸುಲಭ. ಆದರೆ ಅಂಥ ಪಟ್ಟಿ ನೋಡಿ ಪುಸ್ತಕ ಓದಿ ಮುಗಿಸಿದವರನ್ನು ನಾನಂತೂ ಕಂಡಿಲ್ಲ. ಪಟ್ಟಿಯನ್ನು ಸೇವ್ ಮಾಡಿಕೊಳ್ಳುತ್ತಾರೆ, ಅಷ್ಟೇ.

ಹಾಗಾಗಿ ನಾನು ತಿರುಗಿ ಕೇಳುತ್ತೇನೆ: ಇತ್ತೀಚೆಗೆ ಯಾವ ವಿಷಯ ನಿಮ್ಮನ್ನು ಎದ್ದು ಹೋಗಲು ಬಿಡದೆ ಕೂರಿಸಿತ್ತು? ಸಿನಿಮಾ ಆಗಿರಬಹುದು, ಹಕ್ಕಿಗಳ ವಿಡಿಯೊ ಆಗಿರಬಹುದು, ಪಕ್ಕದ ಮನೆಯ ಆಸ್ತಿ ಜಗಳವೇ ಆಗಿರಬಹುದು. ನಾಚಿಕೊಳ್ಳದೆ ಹೇಳಿದರೆ ಪುಸ್ತಕ ಹುಡುಕುವುದು ಕಷ್ಟವಲ್ಲ. ವಯಸ್ಸು, ಓದು, ‘ನಾನು ಬಿಗಿನರ್’ ಅನ್ನುವ ಮಾತು, ಇದ್ಯಾವುದೂ ನನಗೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ.

ಪಕ್ಕದ ಮನೆಯ ಜಗಳ ಅಂದವರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದದ್ದು, ಒಂದು ಸಂಜೆಗೆ ಮುಗಿಯುವಷ್ಟು ಉದ್ದದ ಕತೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರ್ ದುಡ್ಡು ನೋಡಿದ ಕುಟುಂಬ ಇದು. ದುಡ್ಡಿಲ್ಲದ ಕಾಲದಲ್ಲಿ ಇವರ ಹಳೆ ಮನೆಗೆ ಇರುವೆಗಳು ನುಗ್ಗುತ್ತಿದ್ದವು. ಮನೆಮಂದಿ ಅವುಗಳ ಮೇಲೆ ಯುದ್ಧಕ್ಕೇ ನಿಂತುಬಿಡುವ ಒಂದು ಭಾಗವಿದೆ. ಓದುವಾಗ ನಗು ಬರುತ್ತದೆ. ಆದರೆ ಇದೇ ಜನ ಬಾಗಿಲಿಗೆ ಬಂದ ಒಬ್ಬ ಹೆಂಗಸಿನ ಜೊತೆ ಹೇಗೆ ನಡೆದುಕೊಂಡರು ಅನ್ನುವುದನ್ನು ಆ ಇರುವೆಗಳ ಪಕ್ಕ ಇಟ್ಟು ನೋಡಿ, ನಗು ಗಂಟಲಲ್ಲೇ ನಿಂತುಬಿಡುತ್ತದೆ. ಯಾರನ್ನೂ ಬೈಯದೆ, ದನಿ ಏರಿಸದೆ ಇಷ್ಟು ಹೆದರಿಸುವ ಕತೆ ಕನ್ನಡದಲ್ಲಿ ಕಡಿಮೆ.

ಇನ್ನು ಕೆಲವರು ಶುರುವಿನಲ್ಲೇ ಒಂದು ಗೆರೆ ಎಳೆದುಬಿಡುತ್ತಾರೆ. ‘ನನಗೆ ಕಾದಂಬರಿ ಎಲ್ಲ ಬೇಡ, ಅದು ಸುಳ್ಳು ಅಲ್ವಾ, ಏನಾದ್ರೂ ತಿಳ್ಕೊಳೋ ಥರದ್ದು ಹೇಳಿ.’ ಇನ್ನೊಂದು ಪಾರ್ಟಿಯವರು ಇದರ ಉಲ್ಟಾ: ‘ಮಾಹಿತಿ ಪುಸ್ತಕ ಅಂದ್ರೆ ಪಾಠದ ಥರ, ನಿದ್ದೆ ಬರುತ್ತೆ.’ ಈ ಎರಡೂ ಗುಂಪಿಗೆ ನಾನು ಬೇಕಂತಲೇ ಅದಲು ಬದಲು ಪುಸ್ತಕ ಕೊಡುತ್ತೇನೆ.

ಮಾಹಿತಿ ಬೇಕು ಅಂದವರಿಗೆ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’. 1980ರದ್ದು. ಕರ್ವಾಲೊ ಒಬ್ಬ ವಿಜ್ಞಾನಿ. ಅವರಿಗೆ ಬೇಕಾಗಿರುವುದು ಒಂದು ಹಾರುವ ಓತಿ. ಅದನ್ನು ಕಣ್ಣಾರೆ ಕಂಡವನು ಮಂದಣ್ಣ. ಸುತ್ತಮುತ್ತಲಿನವರ ಲೆಕ್ಕದಲ್ಲಿ ಅವನು ದಡ್ಡ, ಕರ್ವಾಲೊ ಲೆಕ್ಕದಲ್ಲಿ ಮಾತ್ರ ಹುಟ್ಟು ಪ್ರಕೃತಿ ವಿಜ್ಞಾನಿ. ಇವರ ಹಿಂದೆ ಕಾಡಿಗೆ ಹೊರಡುವ ತಂಡ ನೋಡಿ: ನಿರೂಪಕ, ‘ಕಿವಿ’ ಅನ್ನುವ ಅವನ ನಾಯಿ, ಒಬ್ಬ ಫೋಟೊಗ್ರಾಫರ್, ಮರ ಹತ್ತುವ ಬಿರಿಯಾನಿ ಕರಿಯಪ್ಪ. ಓತಿ ಸಿಗುತ್ತದೋ ಇಲ್ಲವೋ ನಾನು ಹೇಳಲ್ಲ. ವಿಕಾಸವಾದ ಅಂದರೇನು, ಲಕ್ಷಾಂತರ ವರ್ಷ ಅಂದರೆ ಎಷ್ಟು ಉದ್ದ ಅನ್ನುವುದು ನನಗೆ ಮೈಗೆ ಅಂಟಿಕೊಂಡಿದ್ದು ಪಠ್ಯಪುಸ್ತಕದಿಂದಲ್ಲ, ಈ ‘ಸುಳ್ಳು’ ಕತೆಯಿಂದ.

ಮಾಹಿತಿ ಅಂದರೆ ನಿದ್ದೆ ಬರುತ್ತೆ ಅನ್ನುವವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಬರೆದವರು ಸಸ್ಯಶಾಸ್ತ್ರದ ಪ್ರೊಫೆಸರ್, ವಿಷಯ ಪಶ್ಚಿಮ ಘಟ್ಟದ ಗಿಡಮರ. ಇಷ್ಟು ಕೇಳಿದರೆ ಯಾರಾದರೂ ಓಡಿಹೋಗುತ್ತಾರೆ, ಗೊತ್ತು. ಆದರೆ ಒಳಗಿರುವುದು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಮೇಷ್ಟರ ಕತೆ. ಹುಡುಗರ ತರಲೆ, ದಾರಿಯ ಫಜೀತಿ, ಮೇಷ್ಟರ ಚುಚ್ಚುಮಾತು, ಇದರ ನಡುವೆ ಒಂದೊಂದೇ ಗಿಡ ಬಂದು ತನ್ನ ಹೆಸರು, ಕಸುಬು ಹೇಳಿ ಹೋಗುತ್ತದೆ. ಚಿತ್ರಗಳೂ ಅವರದ್ದೇ ಕೈಯಲ್ಲಿ ಬರೆದವು. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಗಳ ಪುಸ್ತಕಕ್ಕೆ! ಇದು ಹಿಡಿಸಿದರೆ ಅವರದ್ದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಓದಿ. ಮೆಣಸಿನಕಾಯಿ, ಆಲೂಗಡ್ಡೆಯಂಥವು ಎಲ್ಲಿಂದ ಬಂದವು ಅನ್ನುವ ಪುಸ್ತಕ ಅಂತ ಹೆಸರೇ ಹೇಳಿಬಿಡುತ್ತದೆ.

ಈ ಎರಡು ಓದಿದ ಮೇಲೂ ಕಾದಂಬರಿ ಒಂದು ಕಡೆ, ಮಾಹಿತಿ ಒಂದು ಕಡೆ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಅಂಥವರು ಇನ್ನೂ ಸಿಕ್ಕಿಲ್ಲ, ಅದು ಬೇರೆ ಮಾತು.

ಮುಂದಿನದು ‘ಮೋಟಿವೇಶನ್’ ಗುಂಪು. ದೊಡ್ಡ ಗುಂಪು. ಬೆಳಗ್ಗೆ ಬೇಗ ಏಳಿ, ಗುರಿ ಬರೆದಿಡಿ, ಇಂಥ ಪುಸ್ತಕಗಳ ಮೇಲೆ ನನಗೇನೂ ಸಿಟ್ಟಿಲ್ಲ. ಒಂದು ಓದಿದರೆ ಹತ್ತು ಓದಿದ ಹಾಗೆ, ಅಷ್ಟೇ ನನ್ನ ತಕರಾರು. ಬದುಕಿ ತೋರಿಸಿದವರೇ ಬರೆದದ್ದು ಇರುವಾಗ ಸಲಹೆ ಯಾಕೆ ಓದಬೇಕು? ಸಿದ್ಧಲಿಂಗಯ್ಯನವರ ಆತ್ಮಕತೆ ‘ಊರುಕೇರಿ’ ತೆಗೆದುಕೊಳ್ಳಿ. ಶುರುವಿನಲ್ಲೇ ಒಂದು ದೃಶ್ಯ ಬರುತ್ತದೆ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳುತ್ತಿದ್ದಾರೆ, ಹುಡುಗನೊಬ್ಬ ಅದನ್ನು ನೋಡುತ್ತಿದ್ದಾನೆ, ನೊಗ ಹೊತ್ತವರಲ್ಲಿ ಒಬ್ಬ ಅವನ ಅಪ್ಪ. ಇದನ್ನು ಹೇಳಿ ಅಳುತ್ತಾ ಕೂರುವುದಿಲ್ಲ ಸಿದ್ಧಲಿಂಗಯ್ಯ. ಮುಂದಿನ ಪುಟಗಳಲ್ಲಿ ನಗಿಸುತ್ತಾರೆ, ಅದೂ ಸುಮ್ನೆ ಮುಗುಳ್ನಗೆ ಅಲ್ಲ, ಹಾಸ್ಟೆಲ್ ಹುಡುಗರ ಕಿತಾಪತಿ ಓದುತ್ತಾ ಜೋರಾಗಿ ನಗಬೇಕಾಗುತ್ತದೆ. ಹಸಿವು, ಅವಮಾನ, ತಮಾಷೆ ಮೂರೂ ಒಂದೇ ಪ್ಯಾರಾದಲ್ಲಿ ಹೇಗೆ ಕೂತಿವೆ ಅಂತ ನಾನು ಈಗಲೂ ಹಿಂದಿರುಗಿ ನೋಡುವ ಪುಸ್ತಕ ಅದು. ಒಂದು ಕೆಲಸಕ್ಕೆ ಅಂಟಿಕೊಳ್ಳಲಾಗದೆ ಒದ್ದಾಡುವವರಿಗಾದರೆ ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಹೇಳುತ್ತೇನೆ. ನಾಟಕ, ಪತ್ರಿಕೆ, ಸಿನಿಮಾ, ಯಕ್ಷಗಾನ, ಮಕ್ಕಳ ವಿಶ್ವಕೋಶ, ಆ ಮನುಷ್ಯ ಕೈ ಹಾಕದ್ದೇ ಇಲ್ಲ.

ಆಫೀಸು ರಾಜಕೀಯದಲ್ಲಿ ಸುಸ್ತಾದವರಿಗೆ ಯಶವಂತ ಚಿತ್ತಾಲರ ‘ಶಿಕಾರಿ’, 1979. ಮುಂಬೈಯ ದೊಡ್ಡ ಕಂಪನಿಯಲ್ಲಿರುವ ನಾಗಪ್ಪನನ್ನು ಇದ್ದಕ್ಕಿದ್ದಂತೆ ಸಸ್ಪೆಂಡ್ ಮಾಡುತ್ತಾರೆ, ಯಾಕೆ ಅನ್ನುವುದು ಅವನಿಗೇ ತಿಳಿದಿಲ್ಲ. ಥ್ರಿಲ್ಲರ್ ಥರ ಓಡುತ್ತದೆ, ಆದರೆ ಓಡುವುದೆಲ್ಲ ಅವನ ತಲೆಯೊಳಗೆ. ಎಚ್‌ಆರ್‌ನಿಂದ ಮೇಲ್ ಬಂದ ವಾರ ಮಾತ್ರ ಇದನ್ನು ಓದಬೇಡಿ.

ಸೀರಿಯಲ್ ನೋಡುವವರನ್ನು ಕಂಡರೆ ಕೆಲವು ಓದುಗರಿಗೆ ಸಸಾರ. ನನಗಿಲ್ಲ. ಅವರಿಗೆ ತ್ರಿವೇಣಿಯವರ ‘ಶರಪಂಜರ’ ಕೊಟ್ಟು ನೋಡಿ. 1971ರ ಪುಟ್ಟಣ್ಣ ಕಣಗಾಲರ ಸಿನಿಮಾದಿಂದ ಕತೆ ಗೊತ್ತಿರುತ್ತದೆ. ಆದರೂ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರು ‘ಹುಚ್ಚಿ’ ಅನ್ನುವ ಕಣ್ಣಿನಿಂದಲೇ ನೋಡುವುದು ಪುಸ್ತಕದಲ್ಲಿ ಬೇರೆಯೇ ರೀತಿ ತಾಗುತ್ತದೆ.

ಈಗ ಮೊಬೈಲ್ ಬಿಡದ ಮಗನ ವಿಷಯ. ಪುಸ್ತಕ ಮಗನಿಗಲ್ಲ, ಮೊದಲು ನಿಮಗೆ: ‘ತೊತ್ತೊ ಚಾನ್’. ಜಪಾನಿನ ತೆತ್ಸುಕೊ ಕುರೊಯನಾಗಿ ತಮ್ಮ ಬಾಲ್ಯದ ಬಗ್ಗೆ ಬರೆದ ಪುಸ್ತಕ, 1981ರಲ್ಲಿ ಬಂತು, ಕನ್ನಡದಲ್ಲೂ ಇದೆ. ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿಯನ್ನು ಅಮ್ಮ ಇನ್ನೊಂದು ಶಾಲೆಗೆ ಕರೆದೊಯ್ಯುತ್ತಾಳೆ. ಅಲ್ಲಿ ಹಳೆಯ ರೈಲು ಡಬ್ಬಿಗಳೇ ಕ್ಲಾಸ್‌ರೂಮು. ಹೆಡ್‌ಮಾಸ್ಟರ್ ಕೊಬಾಯಾಶಿ ಅಮ್ಮನನ್ನು ಮನೆಗೆ ಕಳಿಸಿ, ಕುರ್ಚಿ ಎಳೆದುಕೊಂಡು ಹುಡುಗಿಯ ಎದುರು ಕೂರುತ್ತಾರೆ. ನಿನಗೆ ಏನೇನು ಹೇಳಬೇಕು ಅನ್ನಿಸುತ್ತೋ ಎಲ್ಲ ಹೇಳು ಅನ್ನುತ್ತಾರೆ. ಅವಳು ಬಂದ ರೈಲು, ಹಳೆ ಶಾಲೆಯ ಟೀಚರು, ಮನೆಯ ನಾಯಿ ಅಂತ ಶುರು ಮಾಡಿ, ಹೇಳಲು ಇನ್ನೇನೂ ಉಳಿಯದವರೆಗೆ ಮಾತಾಡುತ್ತಾಳೆ. ನಾಲ್ಕು ಗಂಟೆ! ಅಷ್ಟು ಹೊತ್ತೂ ಅವರು ಒಮ್ಮೆಯೂ ಆಕಳಿಸದೆ ಕೇಳುತ್ತಾರೆ. ಆ ಅಧ್ಯಾಯ ಓದಿಕೊಂಡು ಆಮೇಲೆ ಮಗನ ಜೊತೆ ಮಾತಿಗೆ ಕೂರಿ. ಅವನಿಗೆ ತೇಜಸ್ವಿಯವರ ‘ಪರಿಸರದ ಕತೆ’ ಸಾಕು, ನಾಯಿ, ಬೇಟೆ, ಮೀನು ಎಲ್ಲ ಇದೆ.

‘ಪ್ರಶಸ್ತಿ ಬಂದಿದೆಯಲ್ಲ, ಓದ್ಲಾ?’ ಅನ್ನುವ ಪ್ರಶ್ನೆ 2025ರ ಮೇ ನಂತರ ಜಾಸ್ತಿಯಾಗಿದೆ. ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬುಕರ್ ಬಂದಿದ್ದರಿಂದ. ಓದಿ, ಖಂಡಿತ ಓದಿ. ಆದರೆ ಕನ್ನಡ ಬರುವಾಗ ಇಂಗ್ಲಿಷಿನಲ್ಲಿ ಯಾಕೆ? ‘ಎದೆಯ ಹಣತೆ’ ಕತೆಯಲ್ಲಿ ಮಗು ಎತ್ತಿಕೊಂಡು ತವರಿಗೆ ಬಂದ ಮೆಹರುನ್‌ಳನ್ನು ತವರಿನವರು ಮತ್ತೆ ಗಂಡನ ಮನೆಗೇ ಬಿಡಲು ಹೊರಡುವ ಭಾಗ ಇದೆಯಲ್ಲ, ಅಲ್ಲಿನ ಮಾತುಗಳನ್ನು ಕನ್ನಡದಲ್ಲೇ ಕೇಳಬೇಕು. ಒಂದು ಸಲಕ್ಕೆ ಒಂದೇ ಕತೆ ಓದಿ. ಸಾಲಾಗಿ ಓದಿದರೆ ಮನಸ್ಸು ಮರಗಟ್ಟುತ್ತದೆ, ಕತೆಗೂ ಅನ್ಯಾಯ.

ಕೊನೆಗೆ ಉಳಿಯುವವರು ‘ದೊಡ್ಡ ಪುಸ್ತಕ ಓದಬೇಕು, ಧೈರ್ಯ ಬರ್ತಿಲ್ಲ’ ಅನ್ನುವವರು. ಹೆಚ್ಚಾಗಿ ಎರಡು ಹೆಸರು ಹಿಡಿದುಕೊಂಡೇ ಬರುತ್ತಾರೆ: ಭೈರಪ್ಪನವರ ‘ಪರ್ವ’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಮಹಾಭಾರತದ ಕತೆ ಗೊತ್ತಿರುವುದರಿಂದ ‘ಪರ್ವ’ ಸಲೀಸು. ಯಾರು ಯಾರಿಗೆ ಏನಾಗಬೇಕು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪವಾಡಗಳನ್ನೆಲ್ಲ ತೆಗೆದುಹಾಕಿ ಮನುಷ್ಯರನ್ನಷ್ಟೇ ಉಳಿಸಿಕೊಂಡಿದ್ದಾರೆ, ಅದರ ಮೇಲೆ ಜಗಳವಾಡಲಿಕ್ಕಾದರೂ ಓದಬಹುದು.

‘ಮದುಮಗಳು’ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ತುಂಬ ಜನ ಅರ್ಧಕ್ಕೆ ಬಿಡುತ್ತಾರೆ, ಯಾಕಂದರೆ ಹೀರೋ ಯಾರು ಅಂತ ಹುಡುಕುತ್ತಾ ಹೋಗುತ್ತಾರೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಬಾಗಿಲಲ್ಲೇ ಬರೆದು ಹಾಕಿದ್ದಾರೆ. ಹುಲಿಯ ಅನ್ನುವ ನಾಯಿಗೂ ಅಲ್ಲಿ ಮನುಷ್ಯರಷ್ಟೇ ಜಾಗ. ಒಂದು ಹಾಳೆಯಲ್ಲಿ ಮನೆತನಗಳ ಹೆಸರು ಬರೆದುಕೊಂಡು, ಯಾರು ಯಾವ ಮನೆಯವರು ಅಂತ ಗುರುತು ಹಾಕುತ್ತಾ ಓದಿ. ಮೊದಲ ನೂರು ಪುಟ ನಿಧಾನವಾಗಿಯೇ ಹೋಗುತ್ತದೆ, ಆ ನಾಯಿಯ ಒಡೆಯ ಗುತ್ತಿ ನಡೆದಷ್ಟೇ ವೇಗ. ಅಲ್ಲಿಗೂ ಹಿಡಿಸದಿದ್ದರೆ ಮುಚ್ಚಿಡಿ, ಪುಸ್ತಕ ಬೇಜಾರು ಮಾಡಿಕೊಳ್ಳುವುದಿಲ್ಲ. ಆಮೇಲೆ ನನಗೊಂದು ಮೆಸೇಜ್ ಹಾಕಿ, ಎಷ್ಟನೇ ಪುಟದಲ್ಲಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಮಾತ್ರ ಬರೆದರೆ ಸಾಕು. ಮುಂದಿನ ಪುಸ್ತಕ ಹೇಳಲಿಕ್ಕೆ ನನಗೆ ಅದು ಬೇಕಾಗುತ್ತದೆ.