ನಾಯಿ ಜೊತೆ ಪ್ರವಾಸ: ರೂಮಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. "ನಾಯಿ ತರಬಹುದಾ?" ಅಂತ ಮಾತ್ರ ಕೇಳಿ ರೂಮು ಬುಕ್ ಮಾಡಬೇಡಿ. "ನಾಯಿ ರಾತ್ರಿ ಎಲ್ಲಿ ಮಲಗುತ್ತೆ?" ಅಂತ ಕೇಳಿ. ಇದಕ್ಕೆ ಸರಿಯಾದ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ನಾನು, ನನ್ನ ತಂಗಿ, ನಮ್ಮ ಕೆಂಚ, ಮೂವರೂ ಕಾರಿನಲ್ಲಿ ಸಮುದ್ರದ ಕಡೆ ಹೊರಟಿದ್ದೆವು. ಕೆಂಚ ಮಧ್ಯಮ ಗಾತ್ರದ ನಾಯಿ. ಜನರನ್ನು ಕಂಡರೆ ಇಷ್ಟ, ಒಬ್ಬನೇ ಇರೋದು ಆಗಲ್ಲ. ರೂಮಿನ ಜಾಹೀರಾತಿನಲ್ಲಿ ನಾಯಿಯ ಫೋಟೋ ಇತ್ತು, ಪೆಟ್ ಫ್ರೆಂಡ್ಲಿ ಅಂತ ದೊಡ್ಡದಾಗಿ ಬರೆದಿತ್ತು. ಫೋನ್ ಮಾಡಿದಾಗಲೂ "ಧಾರಾಳವಾಗಿ ಕರ್ಕೊಂಡು ಬನ್ನಿ" ಅಂದರು. ಪೂರ್ತಿ ದುಡ್ಡು ಮುಂಗಡವಾಗಿ ಕಟ್ಟಿಸಿಕೊಂಡರು.

ತಲುಪಿದಾಗ ಕತ್ತಲಾಗಿತ್ತು. ಸಹಿ ಮಾಡಿಸಿಕೊಂಡ ಮೇಲೆ ಮ್ಯಾನೇಜರ್ ಹೇಳಿದ್ದು, "ನಾಯೀನ ಹಿಂದೆ ಕಟ್ಟಿ ಸರ್, ಅಲ್ಲೇ ಜಾಗ ಮಾಡಿದ್ದೀವಿ." ಹೋಗಿ ನೋಡಿದರೆ ಅಡುಗೆಮನೆಯ ಹಿಂದೆ ಒಂದು ಕಬ್ಬಿಣದ ಬೋನು. ಕೆಳಗೆ ಬರೀ ಸಿಮೆಂಟು. ಪಕ್ಕದಲ್ಲೇ ಜನರೇಟರ್. ಕರೆಂಟ್ ಹೋದಾಗಲೆಲ್ಲ ಅದು ಗುಡುಗುಟ್ಟುತ್ತಿತ್ತು. ಕೆಂಚ ಬೋನಿನ ಹತ್ತಿರ ಬರಲೇ ಇಲ್ಲ. ನಾಲ್ಕು ಕಾಲನ್ನೂ ಊರಿ ನಿಂತುಬಿಟ್ಟ.

ನಾವು ಒಪ್ಪಲಿಲ್ಲ. ದುಡ್ಡು ವಾಪಸ್ ಕೊಡಿ ಅಂದರೆ "ನಾಯಿ ತರಬಹುದು ಅಂತ ಹೇಳಿದ್ವಿ, ರೂಮಿನ ಒಳಗೆ ಅಂತ ಹೇಳಿಲ್ವಲ್ಲ" ಅಂದರು. ಕೊನೆಗೆ ತಂಗಿ ಜೋರು ಮಾಡಿದ ಮೇಲೆ ಹಳೆಯ ಕಟ್ಟಡದ ಮೂಲೆಯ ರೂಮು ಕೊಟ್ಟರು. ಅದಕ್ಕೆ ಬೇರೆ ಕ್ಲೀನಿಂಗ್ ಚಾರ್ಜು. ಅದರ ಮೇಲೆ ಡೆಪಾಸಿಟ್ಟು. ಫ್ಯಾನು ತಿರುಗುವಾಗ ಕಿರ್ರೆನ್ನುತ್ತಿತ್ತು, ಕಿಟಕಿ ತೆಗೆಯಲು ಬರುತ್ತಿರಲಿಲ್ಲ. ನಾವು ಕಟ್ಟಿದ ದುಡ್ಡಿಗೆ ಆ ರೂಮು ಯಾವ ಲೆಕ್ಕದಲ್ಲೂ ಸಮ ಅಲ್ಲ.

ಬೆಳಗ್ಗೆ ಬಿಟ್ಟು ಹೊರಡುವಾಗ ಡೆಪಾಸಿಟ್ ಕೊಡಲಿಲ್ಲ. ನಾಯಿ ಬಾಗಿಲು ಪರಚಿದೆಯಂತೆ. ಆ ಗೀರು ಇದ್ದದ್ದು ನನ್ನ ಭುಜದ ಎತ್ತರದಲ್ಲಿ. ಕೆಂಚ ಹಿಂಗಾಲ ಮೇಲೆ ನಿಂತರೂ ನನ್ನ ಸೊಂಟ ದಾಟಲ್ಲ. ಅಷ್ಟೇ ಅಲ್ಲ, ಗೀರಿನ ಒಳಗೆ ವಾರ್ನಿಶ್ ಇತ್ತು. ಅಂದರೆ ಅದು ಆಗಿ, ಅದರ ಮೇಲೆ ಒಮ್ಮೆ ಬಣ್ಣ ಬಳಿದೂ ಆಗಿತ್ತು. ತಂಗಿ ಹಿಂದಿನ ರಾತ್ರಿಯೇ ಬಾಗಿಲು, ಮಂಚ, ಗೋಡೆ, ಬೆಡ್‌ಶೀಟು ಎಲ್ಲದರ ವಿಡಿಯೋ ತೆಗೆದಿಟ್ಟಿದ್ದಳು. ಅದನ್ನು ತೋರಿಸಿದ ಮೇಲೆ ಅರ್ಧ ಡೆಪಾಸಿಟ್ ಕೈಗೆ ಬಂತು. ಉಳಿದರ್ಧ ಇವತ್ತಿಗೂ ಬಂದಿಲ್ಲ.

ಹಾಗಾಗಿ ನೀವು ಫೋನಿನಲ್ಲಿ ಕೇಳಬೇಕಾದ್ದು ಇಷ್ಟು. ನಾಯಿ ನಮ್ಮ ಜೊತೆ ಅದೇ ರೂಮಿನಲ್ಲಿ ಇರಬಹುದಾ? ನಾವು ಊಟಕ್ಕೆ ಹೋದಾಗ ಎಲ್ಲಿರಬೇಕು? ನಾಯಿಗೆ ಬೇರೆ ಚಾರ್ಜ್ ಎಷ್ಟು, ಅದು ದಿನಕ್ಕಾ, ಒಟ್ಟಿಗಾ? ಡೆಪಾಸಿಟ್ ಇದ್ದರೆ ಯಾವಾಗ ವಾಪಸ್? ನಾಯಿಯ ತೂಕಕ್ಕೆ, ತಳಿಗೆ ಮಿತಿ ಇದೆಯಾ? ಆವರಣದಲ್ಲಿ ಅವರದೇ ನಾಯಿ ಬಿಟ್ಟುಕೊಂಡು ಇರುತ್ತಾ? ಇದರಲ್ಲಿ ಎರಡನೆಯದನ್ನು ಯಾರೂ ಕೇಳಲ್ಲ. ಬಹಳ ಕಡೆ ನಾಯಿಯನ್ನು ರೂಮಿನಲ್ಲಿ ಒಂಟಿಯಾಗಿ ಬಿಡುವ ಹಾಗಿಲ್ಲ, ಊಟದ ಹಾಲಿಗೂ ತರುವ ಹಾಗಿಲ್ಲ. ಆಗ ಒಬ್ಬರು ಊಟ ಮಾಡಿ ಬರುವವರೆಗೆ ಇನ್ನೊಬ್ಬರು ನಾಯಿ ಹಿಡಿದು ನಿಲ್ಲಬೇಕು. ಒಬ್ಬರೇ ಹೋಗುವವರಂತೂ ಏನು ಮಾಡಬೇಕು ಹೇಳಿ? ಬಾಯಲ್ಲಿ ಹೇಳಿದ್ದನ್ನು ಮೆಸೇಜಿನಲ್ಲೂ ಬರೆಸಿಕೊಳ್ಳಿ. ರೂಮಿಗೆ ಕಾಲಿಟ್ಟ ತಕ್ಷಣ ವಿಡಿಯೋ ಮಾಡಿ. ನಮ್ಮ ಮನೆಯ ಹಾಸಿಗೆ ಹೊದಿಕೆ ಒಂದನ್ನು ತೆಗೆದುಕೊಂಡು ಹೋದರೆ ನಾಯಿಗೂ ಗೊತ್ತಿರುವ ವಾಸನೆ ಇರುತ್ತೆ, ಅವರ ಬೆಡ್‌ಶೀಟಿಗೂ ಕೂದಲು ಹತ್ತಲ್ಲ.

ಇನ್ನು ದಾರಿಯ ವಿಷಯ. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ನಾಯಿಯ ಊಟ ಮುಗಿಸಿಬಿಡಿ. ನೀರು ಮಾತ್ರ ನಿಲ್ಲಿಸಬೇಡಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಕೆಳಗೆ ಇಳಿಸಿ, ಆದರೆ ಚೈನ್ ಹಾಕಿದ ಮೇಲೇ ಬಾಗಿಲು ತೆಗೆಯಿರಿ. ಗೊತ್ತಿಲ್ಲದ ಜಾಗದಲ್ಲಿ ಲಾರಿಯ ಹಾರ್ನಿಗೆ ಬೆದರಿ ಓಡಿದ ನಾಯಿ ಹಿಂದಕ್ಕೆ ತಿರುಗಿಯೂ ನೋಡಲ್ಲ. ಕೆಂಚನಿಗೆ ನಾವು ಎದೆಗೆ ಹಾಕುವ ಹಾರ್ನೆಸ್ ತೊಡಿಸಿ ಹಿಂದಿನ ಸೀಟಿನ ಬೆಲ್ಟಿಗೆ ಸಿಕ್ಕಿಸಿರುತ್ತೇವೆ. ಕತ್ತಿನ ಪಟ್ಟಿಗೆ ಸಿಕ್ಕಿಸಬೇಡಿ, ಬ್ರೇಕ್ ಹಾಕಿದಾಗ ಪೂರ್ತಿ ಭಾರ ಕತ್ತಿನ ಮೇಲೆ ಬೀಳುತ್ತೆ. ಮುಂದಿನ ಸೀಟೂ ಬೇಡ, ಏರ್‌ಬ್ಯಾಗ್ ಉಬ್ಬಿದರೆ ನಾಯಿಗೆ ಅಪಾಯ. ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಳಿ ಕುಡಿಯುವ ನಾಯಿಯನ್ನು ನೋಡಲು ಚಂದ, ಆದರೆ ಕಣ್ಣಿಗೆ ಕಲ್ಲಿನ ಚೂರು ಬಡಿದರೆ ಪ್ರವಾಸ ಅಲ್ಲಿಗೆ ಮುಗಿಯಿತು.

ಜೊಲ್ಲು ಸುರಿಸುತ್ತಾ, ಪದೇ ಪದೇ ತುಟಿ ನೆಕ್ಕುತ್ತಾ, ಆಕಳಿಸುತ್ತಾ ಕೂತಿದ್ದರೆ ವಾಂತಿ ಬರುವ ಸೂಚನೆ. ಮರಿಗಳಿಗೆ ಇದು ಜಾಸ್ತಿ, ಬೆಳೆದ ಮೇಲೆ ಎಷ್ಟೋ ನಾಯಿಗಳಲ್ಲಿ ಕಡಿಮೆಯಾಗುತ್ತೆ. ಮರೋಪಿಟೆಂಟ್ ಅನ್ನುವ ಮಾತ್ರೆ ಇದಕ್ಕೆಂದೇ ಇದೆ, ಪಶು ವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ನಿದ್ದೆ ಬರಿಸುವ ಔಷಧಿಯನ್ನು ಮಾತ್ರ ನೀವೇ ಕೊಡಬೇಡಿ. ವಿಮಾನದಲ್ಲಂತೂ ಬೇಡವೇ ಬೇಡ. ಉಸಿರಾಟ, ರಕ್ತದೊತ್ತಡ ಏರುಪೇರಾದರೆ ಅಲ್ಲಿ ನೋಡುವವರು ಯಾರೂ ಇರಲ್ಲ.

ಆ ಕೆಟ್ಟ ರೂಮಿನಿಂದ ಹೊರಟ ಬೆಳಗ್ಗೆ ನಮಗೆ ಸಿಕ್ಕಿದ ಊಟದ ಹೋಟೆಲ್ ಬಗ್ಗೆ ಹೇಳಲೇಬೇಕು. ರಸ್ತೆ ಬದಿಯ ಪುಟ್ಟ ಹೋಟೆಲ್. ಬೋರ್ಡು ಕೂಡ ಇರಲಿಲ್ಲ. ಅದಕ್ಕೂ ಮೊದಲು ಎರಡು ದೊಡ್ಡ ಹೋಟೆಲುಗಳ ವಾಚ್‌ಮನ್‌ಗಳು ಗೇಟಿನಲ್ಲೇ ಕೈ ಅಡ್ಡ ಹಿಡಿದಿದ್ದರು. ಇಲ್ಲಿ ನಾನು ಹಿಂಜರಿಯುತ್ತಲೇ "ನಾಯಿ ಇದೆ ಅಮ್ಮ, ಹೊರಗೆ ಕೂರಬಹುದಾ?" ಅಂತ ಕೇಳಿದೆ. ಒಲೆ ಮುಂದೆ ನಿಂತಿದ್ದವರು ತಿರುಗಿ ನೋಡಿ, "ಮರದ ಕೆಳಗೆ ಬೆಂಚಿದೆ, ಕೂತ್ಕೊಳ್ಳಿ. ಮೊದ್ಲು ಅವನಿಗೆ ನೀರು ತರ್ತೀನಿ" ಅಂದರು.

ನಮಗೆ ಲೋಟ ಬರುವ ಮೊದಲೇ ಕೆಂಚನಿಗೆ ಅಗಲವಾದ ಅಲ್ಯೂಮಿನಿಯಂ ಬೋಗುಣಿಯಲ್ಲಿ ತಣ್ಣನೆಯ ನೀರು ಬಂತು. ತಂದವರು ನೇರವಾಗಿ ಅವನ ತಲೆ ಸವರಲಿಲ್ಲ. ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂತು, ಕೈಯನ್ನು ಕೆಳಗೆ ಚಾಚಿ, ಅವನೇ ಬಂದು ಮೂಸುವವರೆಗೆ ಸುಮ್ನೆ ಇದ್ದರು. ನಾಯಿ ಗೊತ್ತಿರುವವರು ಮಾಡುವ ಕೆಲಸ ಅದು. ರಾತ್ರಿಯೆಲ್ಲ ಕಿವಿ ಹಿಂದಕ್ಕೆ ಹಾಕಿಕೊಂಡಿದ್ದ ಕೆಂಚ ಅಲ್ಲಿ ಮೊದಲ ಸಲ ಬಾಲ ಅಲ್ಲಾಡಿಸಿದ. ಆಮೇಲೆ ಅವರು, "ಏನಾದ್ರೂ ತಿನ್ನೋಕೆ ಕೊಡಬಹುದಾ, ಡಾಕ್ಟರು ಏನಾದ್ರೂ ಬೇಡ ಅಂದಿದ್ದಾರಾ?" ಅಂತ ಕೇಳಿದರು. ಕೇಳಿದರಲ್ಲ, ಅದೇ ದೊಡ್ಡದು. ಪ್ರವಾಸದಲ್ಲಿ ಪ್ರೀತಿಯಿಂದ ಏನೇನೋ ತಿನ್ನಿಸಲು ಬರುವವರು ಜಾಸ್ತಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಹಾಳು ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೆಟ್ಟದ್ದು. ಚಾಕೊಲೇಟು ವಿಷ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿ ಇರುವ ಝೈಲಿಟಾಲ್ ಅಂತೂ ಸ್ವಲ್ಪವೇ ಸಾಕು, ರಕ್ತದ ಸಕ್ಕರೆ ಒಮ್ಮೆಲೇ ಇಳಿದುಬಿಡುತ್ತೆ. ಆ ಅಮ್ಮ ಮಸಾಲೆ ಹಾಕುವ ಮೊದಲೇ ತೆಗೆದಿಟ್ಟಿದ್ದ ಬೇಯಿಸಿದ ಕೋಳಿ ತುಂಡನ್ನು, ಮೂಳೆ ಪೂರ್ತಿ ಬಿಡಿಸಿ, ಬೆರಳಿನಿಂದ ಒತ್ತಿ ನೋಡಿ ಕೊಟ್ಟರು. ಬೆಂದ ಮೂಳೆ ಚೂಪಾಗಿ ಸೀಳುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

ಊಟವೂ ಬಿಸಿಬಿಸಿ, ರುಚಿ, ಹೊಟ್ಟೆ ತುಂಬ. ಬಿಲ್ಲಿನಲ್ಲಿ ಕೆಂಚನ ಊಟಕ್ಕೆ ಏನೂ ಹಾಕಿರಲಿಲ್ಲ. ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ವಾಪಸ್ ಬರುವಾಗ ಬೇರೆ ದಾರಿ ಹತ್ತಿರವಿದ್ದರೂ ಬಳಸಿಕೊಂಡು ಅಲ್ಲಿಗೇ ಹೋಗಿ ಉಂಡೆವು. ನನ್ನ ಸಲಹೆ, ನಾಯಿ ಜೊತೆ ಇರುವಾಗ ಗಾಜಿನ ಬಾಗಿಲಿನ ಹೋಟೆಲ್ ಹುಡುಕಬೇಡಿ. ಹೊರಗೆ ಬೆಂಚು, ಮರ, ನಲ್ಲಿ ಇರುವ ಜಾಗ ನೋಡಿ.

ಕೆಲವರು ನಾಯಿಯನ್ನು ಕಾರಿನಲ್ಲೇ ಬಿಟ್ಟು ಊಟಕ್ಕೆ ಹೋಗುತ್ತಾರೆ. ದಯವಿಟ್ಟು ಬೇಡ. ನಿಲ್ಲಿಸಿದ ಕಾರಿನ ಒಳಗಿನ ಬಿಸಿ ಬಗ್ಗೆ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೊರಗೆ ಹಿತವಾದ ಹವೆ ಇದ್ದ ದಿನವೂ ಒಂದು ಗಂಟೆಯಲ್ಲಿ ಒಳಗೆ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರಲ್ಲಿ ಹೆಚ್ಚಿನ ಪಾಲು ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸ್ವಲ್ಪ ಇಳಿಸಿದರೂ ಅಂಥ ವ್ಯತ್ಯಾಸ ಆಗಲಿಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ತೇಕಿ ತೇಕಿಯೇ ತಣ್ಣಗಾಗಬೇಕು. ಅದರ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೇ ಅಪಾಯ. ನಿಲ್ಲದ ಏದುಸಿರು, ಅಂಟಂಟಾದ ಜೊಲ್ಲು, ಕಡುಕೆಂಪು ವಸಡು, ತೂರಾಡುವ ನಡಿಗೆ ಕಂಡರೆ ನೆರಳಿಗೆ ತಂದು ಮೈತುಂಬ ತಣ್ಣೀರು ಸುರಿಯಿರಿ, ಗಾಳಿ ಬೀಸಿ, ಆಮೇಲೆ ಆಸ್ಪತ್ರೆಗೆ ಓಡಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತೆ. ಇದೇ ಕಾರಣಕ್ಕೆ ನಾವು ನಾಯಿಯನ್ನು ಒಳಗೆ ಬಿಡದ ನೋಡುವ ಜಾಗಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿದ್ದೆವು. ಬೇಜಾರೇನೂ ಆಗಲಿಲ್ಲ. ನನಗೆ ನೂಕುನುಗ್ಗಲು ಮೊದಲೇ ಆಗಲ್ಲ.

ಸಮುದ್ರದ ದಂಡೆಗೆ ಹೋಗುವುದಾದರೆ ಬೆಳಕು ಹರಿಯುವ ಹೊತ್ತಿಗೆ ಹೋಗಿ. ಬಿಸಿಲು ಏರಿದ ಮೇಲೆ ಮರಳೂ ಡಾಂಬರೂ ಕೆಂಡದ ಹಾಗೆ. ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯನ್ನು ಅಲ್ಲಿ ನಡೆಸಬೇಡಿ. ಕೆಂಚ ಅಲೆಯ ನೊರೆಯನ್ನು ಕಚ್ಚಲು ಹೋಗುತ್ತಿದ್ದ, ಪ್ರತಿ ಸಲ ಬಾಯಿಗೆ ಉಪ್ಪುನೀರು. ಅದು ಹೊಟ್ಟೆಗೆ ಹೋದರೆ ವಾಂತಿ, ಭೇದಿ. ತುಂಬಾ ಹೋದರೆ ಫಿಟ್ಸೂ ಬರಬಹುದು. ತಂಗಿ ಬಾಟಲಿಯಲ್ಲಿ ಸಿಹಿನೀರು ಹಿಡಿದು ಹಿಂದೆಯೇ ಓಡಾಡಿದಳು. ಕುಡಿಸಿದಾಗ ಅವನು ಸಮುದ್ರದ ನೀರಿನ ತಂಟೆಗೆ ಹೋಗುವುದು ಕಡಿಮೆಯಾಯಿತು. ವಾಪಸ್ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಕಿವಿ ಒಣಗಿಸಿ. ದಂಡೆಯ ಹಿಂದಿನ ಹುಲ್ಲಿನಲ್ಲಿ ಓಡಾಡಿದ್ದರೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಪಟ್ಟಿಯ ಕೆಳಗೆ ಉಣ್ಣಿ ಹುಳ ಹುಡುಕಿ. ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು. ಎಣ್ಣೆ ಬಿಡುವುದು, ಸುಡುವುದು ಬೇಡ. ಉಣ್ಣಿ ಹತ್ತದಂತೆ ಮುಂಚಿತವಾಗಿ ಕೊಡುವ ಔಷಧಿಯನ್ನು ಹೊರಡುವ ಮೊದಲೇ ಕೊಟ್ಟಿರಿ.

ಆಮೇಲೆ ನಾವು ಉಳಿದದ್ದು ಕಾಂಪೌಂಡ್ ಇರುವ ಒಂದು ಸಣ್ಣ ಬಾಡಿಗೆ ಮನೆಯಲ್ಲಿ. ಮಾಲೀಕರು ಫೋನಿನಲ್ಲಿ ಅವರಾಗಿಯೇ ಕೆಂಚನ ಲಸಿಕೆ ಪುಸ್ತಕದ ಫೋಟೋ ಕೇಳಿದರು. ಹೀಗೆ ಕೇಳುವವರನ್ನು ನಂಬಬಹುದು ಅಂತ ನನ್ನ ಅನುಭವ. ಅಲ್ಲಿ ಪಕ್ಕದ ಮನೆಯಲ್ಲಿದ್ದ ದಂಪತಿ ತಮ್ಮ ನಾಯಿಯನ್ನು ಯುರೋಪಿಗೆ ಕರೆದೊಯ್ಯುವ ತಯಾರಿಯಲ್ಲಿದ್ದರು. ಅವರಿಂದ ತಿಳಿದದ್ದನ್ನು ಇಲ್ಲೇ ಬರೆದುಬಿಡುತ್ತೇನೆ. ಮೊದಲು ನಾಯಿಯ ಚರ್ಮದ ಕೆಳಗೆ ಗುರುತಿಗಾಗಿ 15 ಅಂಕಿಯ ಮೈಕ್ರೋಚಿಪ್ ಹಾಕಿಸಬೇಕು, ಆಮೇಲೆ ರೇಬಿಸ್ ಲಸಿಕೆ. ಚಿಪ್ಪಿಗೆ ಮೊದಲು ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬರಲ್ಲ. ಲಸಿಕೆಯ ಹೊತ್ತಿಗೆ ಮರಿಗೆ ಕನಿಷ್ಠ 12 ವಾರ ಆಗಿರಬೇಕು, ಮೊದಲ ಲಸಿಕೆ ಆಗಿ 21 ದಿನ ಕಾಯಬೇಕು. ಕೆಲವು ದೇಶಗಳಿಂದ ಹೋಗುವವರು ಲಸಿಕೆಯಾಗಿ 30 ದಿನದ ನಂತರ ನಾಯಿಯ ರಕ್ತ ಪರೀಕ್ಷೆ ಮಾಡಿಸಿ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಹಾಗಾಗಿ ಟಿಕೆಟ್ ಮಾಡಿಸುವ ಮೊದಲು ಕ್ಯಾಲೆಂಡರ್ ನೋಡಿ. ವಿಮಾನಕ್ಕೆ ಕೊಳ್ಳುವ ಬೋನಿನಲ್ಲಿ ನಾಯಿ ನೆಟ್ಟಗೆ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗಬೇಕು. ಅದನ್ನು ವಾರಗಳ ಮೊದಲೇ ಮನೆಯಲ್ಲಿ ತೆರೆದಿಟ್ಟು, ಒಳಗೇ ಊಟ ಹಾಕಿ ರೂಢಿ ಮಾಡಿಸಿ.

ಚಿಪ್ ಇದ್ದರೂ ಪಟ್ಟಿಯ ಮೇಲೆ ಫೋನ್ ನಂಬರ್ ಇರಲೇಬೇಕು. ದಾರಿಯಲ್ಲಿ ಸಿಕ್ಕ ನಾಯಿಯನ್ನು ಹಿಡಿದವರ ಹತ್ತಿರ ಚಿಪ್ ಓದುವ ಯಂತ್ರ ಇರಲ್ಲ ಅಲ್ವಾ?

ಪಗ್, ಬುಲ್‌ಡಾಗ್ ಥರದ ಚಪ್ಪಟೆ ಮೂತಿಯ ನಾಯಿ ಇರುವವರು ಬೇಸಿಗೆಯಲ್ಲಿ ಈ ಪ್ರಯಾಣ ಮಾಡಬೇಡಿ. ಅವಕ್ಕೆ ತೇಕಿ ತಣ್ಣಗಾಗುವುದೇ ಕಷ್ಟ, ಹಲವು ವಿಮಾನ ಕಂಪನಿಗಳು ಸರಕಿನ ವಿಭಾಗದಲ್ಲಿ ಅವನ್ನು ಒಯ್ಯುವುದೇ ಇಲ್ಲ. ತುಂಬಾ ವಯಸ್ಸಾದ, ಹೃದಯದ ತೊಂದರೆ ಇರುವ, ಹೊಸಬರನ್ನು ಕಂಡರೆ ನಡುಗುವ ನಾಯಿಯನ್ನೂ ಎಳೆದುಕೊಂಡು ಹೋಗಬೇಡಿ. ಅದಕ್ಕೆ ಗೊತ್ತಿರುವ ಯಾರನ್ನಾದರೂ ನಿಮ್ಮ ಮನೆಗೇ ಬಂದು ಉಳಿಯಲು ಕೇಳಿ. ಊಟದ ಅಳತೆ, ಮಾತ್ರೆಯ ಹೊತ್ತು, ಡಾಕ್ಟರ ನಂಬರ್ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ತುರ್ತು ಚಿಕಿತ್ಸೆಗೆ ನಿಮ್ಮ ಒಪ್ಪಿಗೆ ಇದೆ ಅಂತ ಡಾಕ್ಟರಿಗೆ ಮೊದಲೇ ತಿಳಿಸಿ ಹೊರಡಿ.