ಕುಕ್ಕರ್ ಕೊಟ್ಟು ಕಳಿಸ್ರಿ ಅಂದಿದ್ದು ನಾನೇ

ಗುಳೇದಗುಡ್ಡದ ಕಡೆಯ ಅಕ್ಕನೊಬ್ಬರ ಪ್ರಕರಣ ಮುಗಿದು ಎರಡು ತಿಂಗಳಾಯಿತು. ಆದರೂ ರಾತ್ರಿ ಫೈಲು ಮುಚ್ಚುವಾಗ ಅದೇ ನೆನಪಾಗುತ್ತದೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಕಂಪನಿ ಬೇಡ.

2022ರ ನಾಗರ ಪಂಚಮಿಯ ಹಿಂದಿನ ದಿನ ಕಡಲೆಬೇಳೆ ಇಟ್ಟಿದ್ದ ಕುಕ್ಕರ್ ಸಿಡಿದು ಅವರ ಕುತ್ತಿಗೆ, ಬಲಗೈ ಸುಟ್ಟಿದ್ದವು. ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಮನೆ ನಡೆಸುವವರು. ಗಾಯ ಮಾಯ್ದ ಮೇಲೆ ಚರ್ಮ ಬಿಗಿದು, ಬಲ ಅಂಗೈ ಪೂರ್ತಿ ಬಿಡಿಸಲು ಬರುತ್ತಿರಲಿಲ್ಲ. ಅಣ್ಣನ ಜೊತೆ ಬಾಗಲಕೋಟೆ ನವನಗರದ ನಮ್ಮ ವಕೀಲರ ಆಫೀಸಿಗೆ ಬಂದದ್ದು 2024ರ ಜೂನ್‌ನಲ್ಲಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಇರುವ ಎರಡು ವರ್ಷದ ಕಾಲಮಿತಿ ಮುಗಿಯಲು ಏಳೆಂಟು ವಾರ ಬಾಕಿ.

ಅಷ್ಟು ದಿನ ಹೋದದ್ದು ವಕೀಲರನ್ನು ಹುಡುಕುವುದರಲ್ಲಿ. ಮೊದಲು ಹೋದವರು ಬರೀ ಅಪಘಾತದ ಕೇಸು ನಡೆಸುವವರು. ಇದು ಎಂವಿಸಿ (ವಾಹನ ಅಪಘಾತ ಪರಿಹಾರದ ಕೇಸು) ಅಲ್ಲ ಅಂತ ಕಳಿಸಿಬಿಟ್ಟರು. ಎರಡನೆಯವರು ಬಂದ ಹಣದಲ್ಲಿ ಮೂರರಲ್ಲೊಂದು ಪಾಲು ಕೇಳಿದರು. ಹಾಗೆ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ ಎಂದು ಈ ಅಕ್ಕನಿಗೆ ಹೇಳುವವರು ಯಾರು? ಮೂರನೆಯವರು ಕೋರ್ಟ್ ಫೀ ಅಂತಲೇ ಎಂಟು ಸಾವಿರ ಹೇಳಿದ್ದರು. ಈಗಿನ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಶುಲ್ಕಕ್ಕೆ ಲೆಕ್ಕ ಹಿಡಿಯುವುದು ವಸ್ತುವಿಗೆ ಕೊಟ್ಟ ಬೆಲೆಯನ್ನು. ಅದು 5 ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೇ ಇಲ್ಲ. ಎರಡು ಸಾವಿರದ ಕುಕ್ಕರಿಗೆ ಎಲ್ಲಿಯ ಎಂಟು ಸಾವಿರ? ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ವಕೀಲರೇ ಇಲ್ಲದೆ ತಾವೇ ಆಯೋಗದ ಮುಂದೆ ನಿಲ್ಲಲೂ ಬರುತ್ತದೆ. ನಾವು ಜಾಹೀರಾತು ಕೊಡುವಂತಿಲ್ಲ. ಹಾಗಾಗಿ ಜನ ಝೆರಾಕ್ಸ್ ಅಂಗಡಿಯವರನ್ನು, ಚಹಾದಂಗಡಿಯವರನ್ನು ಕೇಳಿ ವಕೀಲರನ್ನು ಆರಿಸಿಕೊಳ್ಳುತ್ತಾರೆ. ತಪ್ಪು ಅವರದಲ್ಲ.

ನಾನು ವಕಾಲತ್‌ಗೆ ಸಹಿ ತಗೊಂಡೆ, ಕಂಪನಿಗೆ ರಿಜಿಸ್ಟರ್ಡ್ ನೋಟಿಸ್ ಕಳಿಸಿದೆ, ದೂರಿನ ಕರಡು ಶುರು ಮಾಡಿದೆ. ಕುಕ್ಕರ್ ಅವರ ಮನೆಯಲ್ಲಿ, ಅಕ್ಕಿ ಚೀಲದಲ್ಲಿ ಕಟ್ಟಿಟ್ಟಿತ್ತು. ಒಮ್ಮೆ ಆಫೀಸಿಗೆ ತಂದಿದ್ದರು. ಚೀಲದ ಬಾಯಿ ಬಿಚ್ಚಿ ಇಣುಕಿ ನೋಡಿ, ಜೋಪಾನ ಇಡ್ರಿ ಅಂದು ವಾಪಸ್ ಕಳಿಸಿದ್ದೆ. ನಮ್ಮಲ್ಲಿ ಗ್ರಾಹಕ ಕೇಸಿನ ಫೈಲು ಅಂದರೆ ಕೊನೆಯ ರ‍್ಯಾಕು. ಒಬ್ಬ ಜೂನಿಯರಿಗೆ ಮೂವತ್ತು ಫೈಲು. ಸೀನಿಯರಿಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಅವತ್ತು ಆದದ್ದಕ್ಕೆ ಅದನ್ನು ನೆಪ ಮಾಡಲಾರೆ.

ಸೀನಿಯರ್ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿದ್ದರು. ಹನ್ನೊಂದು ನಲವತ್ತಕ್ಕೆ, ಇಲ್ಲಿ ಕೋರ್ಟಿನಲ್ಲಿ ಹಾಜರಿ ಕೂಗುತ್ತಿದ್ದಾಗ, ಅಕ್ಕನ ಫೋನು. ಹೊರಗೆ ಬಂದು ಎತ್ತಿದೆ.

"ಸಾಹೇಬ್ರ, ಕಂಪನಿಯಾಂವ ಬಂದಾನ್ರಿ. ಕುಕ್ಕರ್ ಚೆಕ್ ಮಾಡಿ ರಿಪೋರ್ಟ್ ಕೊಡ್ತೀವಿ ಅಂತಾನ. ಕೊಡ್ಲೇನ್ರಿ?"

ಒಳಗೆ ನನ್ನ ನಂಬರು ಹತ್ತಿರ ಬಂದಿತ್ತು. ನೋಟಿಸಿಗೆ ಕಂಪನಿ ಮಣಿದಿದೆ, ರಾಜಿಗೆ ಬರಬಹುದು ಅಂತ ನನಗೆ ಒಳಗೊಳಗೇ ಖುಷಿಯೂ ಆಯಿತು. "ಕೊಟ್ಟು ಕಳಿಸ್ರಿ ಯಕ್ಕಾ, ರಸೀದಿ ಬರಿಸ್ಕೋರಿ" ಅಂದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಸಂಜೆ ಸೀನಿಯರ್ ಬಂದು ಕೋಟು ಕಳಚುತ್ತ ಕೇಳಿದ ಮೊದಲ ಮಾತು: "ಕುಕ್ಕರ್ ಎಲ್ಲೈತಿ ತಮ್ಮಾ?"

ಹೇಳಿದೆ. ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೂತು, "ಸೇಫ್ಟಿ ವಾಲ್ವ್ ಕೆಳಗಿನ ಸೀಸ ಕರಗಿತ್ತೋ ಇಲ್ಲೋ, ನೋಡಿದ್ಯಾ?" ಅಂದರು. ಸೀಟಿಯ ದಾರಿ ಬೇಳೆಯ ನೊರೆಗೆ ಕಟ್ಟಿಕೊಂಡರೆ ಒಳಗೆ ಬಿಸಿ ಏರುತ್ತದೆ. ಆಗ ಆ ಮೆತ್ತನೆಯ ಲೋಹ ಕರಗಿ ಉಗಿ ಹೊರಗೆ ಹೋಗಬೇಕು. ಇರುವುದೇ ಅದಕ್ಕೆ. ಕರಗದೆ ಮುಚ್ಚಳ ಸಿಡಿದಿದ್ದರೆ ದೋಷ ಅಲ್ಲಿಯೇ ಇತ್ತು. ನಾನು ನೋಡಿರಲಿಲ್ಲ.

ರಸೀದಿಯ ಫೋಟೋದಲ್ಲಿದ್ದ ನಂಬರಿಗೆ ಹಚ್ಚಿದೆ. ಮೂರು ಸಲ ರಿಂಗಾಗಿ ಕಟ್ಟಾಯಿತು. ನಾಲ್ಕನೆಯ ಸಲ ಎತ್ತಿದ. ಹಿಂದೆ ಬಸ್ಸಿನ ಸದ್ದು. ಕೆರೂರು ದಾಟೇವ್ರಿ, ಹುಬ್ಬಳ್ಳಿ ಆಫೀಸಿಗೆ ಒಯ್ಯಾಕತ್ತೇನಿ ಅಂದ. ಏನೂ ಬಿಚ್ಚಬೇಡ್ರಿ, ಮುಟ್ಟಬೇಡ್ರಿ ಅಂತ ಬೇಡಿಕೊಂಡೆ. ಆಯ್ತ್ರಿ ಅಂದವನು ಆಮೇಲೆ ಫೋನು ಎತ್ತಲಿಲ್ಲ. ಬಾರ್ ರೂಮಿನ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕೂತಿದ್ದೆ. ಅಕ್ಕನಿಗೆ ಏನಂತ ಹೇಳಲಿ ಅನ್ನುವುದೇ ತಿಳಿಯಲಿಲ್ಲ.

ಹತ್ತೊಂಬತ್ತು ದಿನಕ್ಕೆ ಪಾರ್ಸಲ್ ಬಂತು. ಮುಚ್ಚಳದ ಅಂಚು ಡೊಂಕಾಗಿ, ಒಳಮೈಯೆಲ್ಲ ಕರಕಲು. ಅದರ ನಡುವೆ ಸೇಫ್ಟಿ ವಾಲ್ವ್ ಮಾತ್ರ ಅಂಗಡಿಯಿಂದ ಈಗ ತಂದಂತೆ ಫಳಫಳ ಹೊಳೆಯುತ್ತಿತ್ತು. ರಬ್ಬರೂ ಹೊಸದು.

ಗಡುವಿನೊಳಗೆ ದೂರು ದಾಖಲಾಯಿತು. ಕಂಪನಿಯವರು ತಕರಾರಿನಲ್ಲಿ ಕಾಯ್ದೆಯ 87ನೇ ಕಲಂ ಹಿಡಿದರು: ವಸ್ತುವಿನ ದುರುಪಯೋಗ, ಬದಲಾವಣೆ ಆಗಿದೆ, ಹಾಗಾಗಿ ಹೊಣೆ ತಮ್ಮದಲ್ಲ. ರೊಟ್ಟಿ ಮಾರುವವರು ಗ್ರಾಹಕರೇ ಅಲ್ಲ ಅಂತಲೂ ಬರೆದಿದ್ದರು. ಹೊಟ್ಟೆಪಾಡಿಗೆ ತಾನೇ ದುಡಿಯುವವರನ್ನು ಕಾಯ್ದೆ ಹೊರಗಿಟ್ಟಿಲ್ಲ ಎಂದು ಅದಕ್ಕೆ ಉತ್ತರ ಕೊಟ್ಟೆವು. 84ನೇ ಕಲಮಿನಲ್ಲಿ ತಯಾರಕರ ನಿರ್ಲಕ್ಷ್ಯ ಸಾಬೀತು ಮಾಡಬೇಕಿಲ್ಲ, ನಿಜ. ಆದರೆ ದೋಷ ತೋರಿಸುವ ಭಾರ ನಮ್ಮದೇ. ಆಯೋಗ ಮಾದರಿಯನ್ನು ಸೀಲ್ ಮಾಡಿಸಿ ಪ್ರಯೋಗಾಲಯಕ್ಕೆ ಕಳಿಸಿತು. ವಾಲ್ವ್ ನಂತರ ಹಾಕಿದ್ದು, ಮೂಲ ಸ್ಥಿತಿ ಹೇಳಲಾಗದು ಅಂತ ವರದಿ ಬಂತು. ಅಣ್ಣನ ಮಗಳು ಘಟನೆಯ ಮರುದಿನ ಬೀಗರಿಗೆ ಕಳಿಸಲೆಂದು ತೆಗೆದ ಒಂದು ಫೋಟೋ ಸಿಕ್ಕಿತು. ಅದರಲ್ಲಿ ಹಳೆಯ ವಾಲ್ವ್ ಇತ್ತು, ಆದರೆ ಮೇಲಿನಿಂದ ತೆಗೆದದ್ದು. ಕೆಳಗಿನ ಸೀಸ ಕಾಣುತ್ತಿರಲಿಲ್ಲ. ಬದಲಿಸಿದವರು ಯಾರು ಎನ್ನುವುದನ್ನಾದರೂ ಆ ಫೋಟೋ, ರಸೀದಿ ಎರಡೂ ಸೇರಿ ಹೇಳಿದವು. ಅದಕ್ಕೇ ಕಂಪನಿ ರಾಜಿಗೆ ಬಂತು.

ನಾವು ಕೇಳಿದ್ದು ಆರು ಲಕ್ಷ, ಒಪ್ಪಿಕೊಂಡದ್ದು ಒಂದು ಲಕ್ಷ ನಲವತ್ತು ಸಾವಿರ.

ಈಗ ಇಂಥ ಫೋನು ಬಂದರೆ ನಾನು ಬಿಲ್ಲು, ಡಿಸ್ಚಾರ್ಜ್ ಕಾರ್ಡು ಕೇಳುವುದು ಆಮೇಲೆ. ಮೊದಲು ವಸ್ತು ಎಲ್ಲಿದೆ, ಯಾರು ಮುಟ್ಟಿದ್ದಾರೆ ಅಂತ ಕೇಳುತ್ತೇನೆ. ತೊಳೆಯಬೇಡಿ, ರಿಪೇರಿಗೆ ಕೊಡಬೇಡಿ, ಎಲ್ಲ ಮಗ್ಗಲಿಂದ ಫೋಟೋ ತೆಗೆಯಿರಿ ಅನ್ನುತ್ತೇನೆ. ವಕೀಲರನ್ನು ಹುಡುಕುತ್ತಿರುವವರಿಗೂ ಇಷ್ಟೇ ಹೇಳುವೆ: ಮೊದಲ ಭೇಟಿಯಲ್ಲಿ ಆ ವಸ್ತುವನ್ನು ತೋರಿಸಿ ಅಂತ ಕೇಳದ ವಕೀಲರ ಹತ್ತಿರ ವಕಾಲತ್‌ಗೆ ಸಹಿ ಮಾಡಬೇಡಿ. ಅವತ್ತಿನ ನಾನು ಅಂಥ ವಕೀಲನೇ.

ಚೆಕ್ ತಗೊಳ್ಳಲು ಬಂದ ದಿನ ಅಕ್ಕ ಎಡಗೈಯಿಂದ ಸಹಿ ಮಾಡಿದರು. ಎದ್ದು ನಿಂತು, "ಸಾಹೇಬ್ರ, ಕುಕ್ಕರ್ ನಮ್ಮ ಮನ್ಯಾಗ ಇದ್ದಿದ್ರ ಇನ್ನಷ್ಟು ಬರ್ತಿತ್ತೇನ್ರಿ?" ಅಂದರು.

ಹೌದ್ರಿ ಯಕ್ಕಾ, ಕೊಡ್ರಿ ಅಂದಾಂವ ನಾನ ಅಂದೆ.